ಅಪ್‌ಡೇಟ್: ಗಿಟಾರ್‌ಗೆ ಮೈಕ್ ಸಿಕ್ಕಿತು

ಧಾರವಾಡದ ನಮ್ಮ ಮನೆಯಲ್ಲೇ ಅಕೌಸ್ಟಿಕ್ ಗಿಟಾರ್ ರೆಕಾರ್ಡ್ ಮಾಡಲು ಕಡಿಮೆ ದುಡ್ಡಿನ ಮೈಕ್ ಯಾವುದು ಅಂತ ಕೇಳಿದ್ದೆ. ಕೊನೆಗೆ ಆಡಿಯೋ-ಟೆಕ್ನಿಕಾ ಎಟಿ2020 ತಗೊಂಡೆ. ಇದು ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯೋ ಬಗೆ), 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಬರೋ ವಿದ್ಯುತ್) ಬೇಕು. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸೋ ನನ್ನ ಇಂಟರ್‌ಫೇಸ್‌ನಲ್ಲಿ ಅದಿತ್ತು. ಗೆಳೆಯನ ಶೂರ್ ಎಸ್‌ಎಂ57 ಮೈಕ್ ಕೂಡ ತಂದು ನೋಡಿದೆ. ಜೋರಾಗಿ ಸ್ಟ್ರಮ್ ಮಾಡಿದರೆ ಚೆನ್ನಾಗಿತ್ತು, ಮೆಲ್ಲಗೆ ಮೀಟಿದಾಗ ಗೇನ್ (ಮೈಕ್ ಸಿಗ್ನಲ್ ಹಿಗ್ಗಿಸೋ ಮಟ್ಟ) ಏರಿಸಬೇಕಾಗಿ ಬಂದು ಸುಯ್ ಅನ್ನೋ ಸದ್ದು ಜಾಸ್ತಿ ಆಯಿತು.

ಮೈಕನ್ನು ಸೌಂಡ್‌ಹೋಲ್ (ಗಿಟಾರ್ ಮೈಮೇಲಿನ ದುಂಡು ತೂತು) ಎದುರೇ ಇಡಿ ಅನ್ನೋ ಸಲಹೆ ಕೆಲಸ ಮಾಡಲಿಲ್ಲ, ಬರೀ ಗುಂಯ್ ಅನ್ನೋ ಬೇಸ್. 12ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿ) ಕಡೆಗೆ, ಒಂದಡಿ ದೂರ ಇಡಿ ಅಂದವರಿಗೆ ತುಂಬಾ ಥ್ಯಾಂಕ್ಸ್! ತಂತಿಗೆ ಉಗುರು ತಾಗೋದೂ ಈಗ ಸ್ಪಷ್ಟ.

ಅಚ್ಚರಿ ಅಂದ್ರೆ, ಹಿಂದಿನ ಬರಿಗೋಡೆಗೆ ಅಜ್ಜಿಯ ಕೌದಿ ಇಳಿಬಿಟ್ಟಿದ್ದೇ ತಡ, ಕೋಣೆಯ ಪ್ರತಿಧ್ವನಿ ಎಷ್ಟೋ ಇಳಿಯಿತು. ಫ್ಯಾನ್ ಮಾತ್ರ ಆಫ್ ಮಾಡಲೇಬೇಕು, ಈ ಮೈಕ್ ಅದನ್ನೂ ಬಿಡದೆ ಹಿಡಿಯುತ್ತದೆ.