ಶಿವರಾತ್ರಿ ಕಳೆದರೂ ಮಾಯದ ಬೆರಳ ಗಂಟು: ಚಿಲ್‌ಬ್ಲೇನ್ ಲೂಪಸ್ ಇರಬಹುದೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಕ್ಕನಿಗೆ 34 ವರ್ಷ, ತೂಕ 52 ಕೆಜಿ, ತೀರ್ಥಹಳ್ಳಿ ಕಡೆ. ಅಡಿಕೆ ಸುಲಿಯೋ ಕಾಲದಲ್ಲಿ ಕೈಕಾಲು ಬೆರಳ ಮೇಲೆ ನೇರಳೆ ಗಂಟು ಎದ್ದವು, ನೋವು, ತುರಿಕೆ. ಚಳಿಗೆ ಆಗಿದ್ದು ಅಂದರು. ಏಪ್ರಿಲ್ ಬಂದರೂ ಹೋಗಿಲ್ಲ. ಎಎನ್‌ಎ ಅನ್ನೋ ರಕ್ತಪರೀಕ್ಷೆ ಪಾಸಿಟಿವ್. ಲೂಪಸ್ಸಾ?

ಉತ್ತರ: ಲೂಪಸ್ ಎಂದರೆ ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆ. ಅದು ಚರ್ಮದಲ್ಲಿ ಚಳಿಗುಳ್ಳೆಯಂತೆ ಕಂಡರೆ ಚಿಲ್‌ಬ್ಲೇನ್ ಲೂಪಸ್. ಎಎನ್‌ಎ ಒಂದನ್ನೇ ನಂಬಿ ಲೂಪಸ್ ಅನ್ನಬೇಡಿ, ಆರೋಗ್ಯವಂತರಲ್ಲೂ ಅದು ಪಾಸಿಟಿವ್ ಬರುತ್ತದೆ. ಆದರೆ ಬರೀ ಚಳಿಗುಳ್ಳೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯಬೇಕು. ಬಿಸಿಲು ಬಂದರೂ ಉಳಿದಿದೆ ಎಂದರೆ ಬಯಾಪ್ಸಿ (ಚರ್ಮದ ತುಣುಕು ತೆಗೆದು ಪರೀಕ್ಷೆ) ಆಗಲೇಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಕಿವಿಹಾಲೆ, ಮೂಗಿನ ತುದಿಯನ್ನೂ ನೋಡಲಿ. ಗಂಟಿನ ಮೇಲೆ ಸ್ಪರ್ಶಜ್ಞಾನ ಇದೆಯೇ ಎಂದು ಪರೀಕ್ಷಿಸಲಿ. ನಮ್ಮಲ್ಲಿ ಕುಷ್ಠವನ್ನು ಮರೆಯುವಂತಿಲ್ಲ.

ಚರ್ಮದ ತುಣುಕು ಎರಡು ಬೇಕು. ಒಂದು ಫಾರ್ಮಲಿನ್‌ನಲ್ಲಿ. ಇನ್ನೊಂದು ಇಮ್ಯುನೋಫ್ಲೋರೆಸೆನ್ಸ್‌ಗೆ (ಚರ್ಮದಲ್ಲಿ ಪ್ರತಿಕಾಯ ಕೂತಿದೆಯೇ ಎಂದು ನೋಡುವ ಪರೀಕ್ಷೆ), ಮಿಶೆಲ್ ದ್ರಾವಣದಲ್ಲಿ. ಎರಡನ್ನೂ ಫಾರ್ಮಲಿನ್ ಬಾಟಲಿಗೇ ಹಾಕಿ ಕಳಿಸಿದರೆ ಎರಡನೆಯ ಪರೀಕ್ಷೆ ಕೆಟ್ಟಂತೆಯೇ. ಜೊತೆಗೆ ರಕ್ತದಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಡಿಎಸ್‌ಡಿಎನ್‌ಎ ಮತ್ತು ರೋ ಆ್ಯಂಟಿಬಾಡಿ (ಲೂಪಸ್‌ನಲ್ಲಿ ಕಾಣುವ ಪ್ರತಿಕಾಯಗಳು), ಸಿ3, ಸಿ4 (ರೋಗನಿರೋಧಕ ಪ್ರೋಟೀನ್‌ಗಳು), ಕ್ರಯೋಗ್ಲೋಬುಲಿನ್ (ತಣ್ಣಗಾದರೆ ಗಟ್ಟಿಯಾಗುವ ಪ್ರೋಟೀನ್), ಮತ್ತೆ ಮೂತ್ರದ ಪ್ರೋಟೀನ್.

ಪ್ರಶ್ನೆ: ಲೂಪಸ್ ಅಂತಲೇ ಬಂದರೆ ಔಷಧ?

ಉತ್ತರ: ಕ್ಲೊಬೆಟಸಾಲ್ 0.05% ಸ್ಟೀರಾಯ್ಡ್ ಮುಲಾಮು ದಿನಕ್ಕೆರಡು ಸಲ, ಎರಡು ಮೂರು ವಾರ, ಗಂಟಿನ ಮೇಲಷ್ಟೇ. ಆಮೇಲೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ 0.1% ಮುಲಾಮು. ಅಂಗಡಿಯವರೇ ಕೊಡುವ ಮಿಶ್ರ ಟ್ಯೂಬ್ ಬೇಡ. ಅದರ ಸ್ಟೀರಾಯ್ಡ್ ನಾಲ್ಕು ದಿನ ಕೆಂಪು ಇಳಿಸಿ ಬಯಾಪ್ಸಿಯನ್ನೂ ಮಸುಕು ಮಾಡುತ್ತದೆ.

ಮುಖ್ಯ ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್. ದಿನಕ್ಕೆ ಕೆಜಿಗೆ 5 ಮಿ.ಗ್ರಾಂ ಮೀರಬಾರದು. ಅಕ್ಕನಿಗೆ ಅದು 260 ಮಿ.ಗ್ರಾಂ: 200ರ ಮಾತ್ರೆಯಾದರೆ ವಾರದಲ್ಲಿ ಐದು ದಿನ ಒಂದು, ಎರಡು ದಿನ ಎರಡು. ಆರಂಭದಲ್ಲೇ ರೆಟಿನಾ ಪರೀಕ್ಷೆ, ಐದು ವರ್ಷದ ನಂತರ ಪ್ರತಿವರ್ಷ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ತಿಂಗಳಿಗೇ ಬೇಸತ್ತು ಬಿಡುವವರೇ ಹೆಚ್ಚು, ದಯವಿಟ್ಟು ಬಿಡಿಸಬೇಡಿ. ಚಳಿಗಾಲದಲ್ಲಿ ನೋವು ಜಾಸ್ತಿಯಾದರೆ ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ (ರಕ್ತನಾಳ ಹಿಗ್ಗಿಸುವ ಮಾತ್ರೆ) 20 ಮಿ.ಗ್ರಾಂ ಸೇರಿಸುತ್ತೇವೆ, ಬಿಪಿ ನೋಡಿಕೊಂಡು. ಕಾಲು ಊದಬಹುದು, ತಲೆನೋವು ಬರಬಹುದು.

ಪ್ರಶ್ನೆ: ಬಚ್ಚಲೊಲೆ ಮುಂದೆ ಕೈ ಕಾಸಬಹುದಾ?

ಉತ್ತರ: ಬೇಡ. ತಣ್ಣಗಾದ ಬೆರಳಿಗೆ ಒಮ್ಮೆಲೇ ಕಾವು ತಾಗಿದರೆ ಊತ, ಉರಿ ಹೆಚ್ಚುತ್ತದೆ. ಒರೆಸಿ, ಒಣಬಟ್ಟೆ ಸುತ್ತಿ ನಿಧಾನಕ್ಕೆ ಬೆಚ್ಚಗಾಗಲಿ. ಕೊಟ್ಟಿಗೆ ತೊಳೆಯುವಾಗ ಒಳಗೆ ಹತ್ತಿ, ಹೊರಗೆ ರಬ್ಬರ್ ಗ್ಲೌಸ್. ಹತ್ತಿಯದು ಒದ್ದೆಯಾದ ಕೂಡಲೇ ಬದಲಿಸಬೇಕು, ಒದ್ದೆ ಗ್ಲೌಸ್ ಬರಿಗೈಗಿಂತ ಕೆಟ್ಟದ್ದು. ಕವಳಕ್ಕೆ ಹೊಗೆಸೊಪ್ಪು ಹಾಕುತ್ತಿದ್ದರೆ ನಿಲ್ಲಿಸಲಿ, ನಿಕೋಟಿನ್ ರಕ್ತನಾಳ ಬಿಗಿಯುತ್ತದೆ.

ಚಿಲ್‌ಬ್ಲೇನ್ ಲೂಪಸ್ ಇರುವವರಲ್ಲಿ ಕೆಲವರಿಗೆ ಮುಂದೆ ಒಳಾಂಗಗಳ ಲೂಪಸ್ ಬರುತ್ತದೆ. ಕೀಲುನೋವು, ಬಾಯಿಹುಣ್ಣು, ನೊರೆ ಮೂತ್ರ ಕಂಡರೆ ಮುಂದಿನ ತಪಾಸಣೆಗೆ ಕಾಯದೆ ಬನ್ನಿ. ಗರ್ಭಿಣಿಯಾಗುವ ಯೋಚನೆಯಿದ್ದರೆ ರೋ ವರದಿ ಮೊದಲೇ ತೋರಿಸಿ. ಪಾಸಿಟಿವ್ ಇದ್ದರೆ ಮಗುವಿನ ಹೃದಯಬಡಿತದ ಮೇಲೆ ಕಣ್ಣಿಡಬೇಕಾಗುತ್ತದೆ.