ಮುಂದೆ ಯಾರೂ ಇಲ್ಲ, ಗಾಡಿ ಬ್ರೇಕ್ ಹಾಕುತ್ತದೆ: ಅಡಾಪ್ಟಿವ್ ಕ್ರೂಸ್ ಕೆಟ್ಟಿದೆಯಾ, ನಮ್ಮ ರಸ್ತೆಗೆ ಒಗ್ಗುತ್ತಿಲ್ಲವಾ?

ಅಡತಿ ಅಂಗಡಿ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಗಾಡಿ ತಗೊಂಡು ಹದಿನಾಲ್ಕು ತಿಂಗಳಾಯಿತು. ಕಂಪನಿ ಹೆಸರು ಬರೆಯಲ್ಲ, ಬರೆದರೆ ಅದರದ್ದೇ ಜಗಳ ಶುರುವಾಗುತ್ತದೆ. ಆಟೋಮ್ಯಾಟಿಕ್, ಮುಂದೆ ರಾಡಾರ್, ಗಾಜಿನ ಹಿಂದೆ ಕ್ಯಾಮೆರಾ. ವ್ಯಾಪಾರಕ್ಕೆ ವಾರದಲ್ಲಿ ಎರಡು ಸಲ ಬ್ಯಾಡಗಿ, ಒಂದು ಸಲ ಗದಗ ಇದ್ದೇ ಇರುತ್ತದೆ. ಕಾಲಿಗೆ ಆರಾಮ ಸಿಗಲಿ ಅಂತಲೇ ದುಡ್ಡು ಜಾಸ್ತಿ ಕೊಟ್ಟು ಎಸಿಸಿ (ಅಡಾಪ್ಟಿವ್ ಕ್ರೂಸ್ ಕಂಟ್ರೋಲ್: ನಾವು ಸೆಟ್ ಮಾಡಿದ ವೇಗದಲ್ಲಿ ಓಡುತ್ತಾ, ಮುಂದೆ ಗಾಡಿ ಬಂದರೆ ತಾನೇ ನಿಧಾನ ಆಗುವುದು) ಇರುವ ಮಾಡೆಲ್ ತಗೊಂಡೆ. ಈಗ ಕಾಲಿಗೆ ಆರಾಮ, ಎದೆಗೆ ಢವಢವ.

ಹೋದ ಗುರುವಾರದ ಕತೆ ಕೇಳಿ. ಹಾವೇರಿ ಕಡೆ ಹೊರಟಿದ್ದೆ. ವರೂರು ದಾಟಿದ ಮೇಲೆ ರಸ್ತೆ ನೇರ, ಖಾಲಿ. 90ಕ್ಕೆ ಸೆಟ್ ಮಾಡಿ ಬಲಗಡೆ ಲೇನಿನಲ್ಲಿದ್ದೆ. ಎಡಗಡೆ ಒಂದು ಲಾರಿ ತನ್ನ ಪಾಡಿಗೆ ಹೋಗುತ್ತಿತ್ತು. ನನ್ನ ಮುಂದೆ ಒಂದು ನಾಯಿಯೂ ಇಲ್ಲ. ಗಾಡಿ ದಡಕ್ಕನೆ ಬ್ರೇಕ್ ಹಾಕಿತು. ಹಿಂದೆ ಕೂತಿದ್ದ ಅವ್ವನ ಕೈಯಲ್ಲಿನ ಚುರಮುರಿ ಪೂರ್ತಿ ಗೇರಿನ ಸುತ್ತ ಚೆಲ್ಲಿತು. ಹಿಂದೆ ಬರುತ್ತಿದ್ದ ಬಸ್ಸಿನವರು ಹಾರ್ನ್ ಹೊಡೆದ ರೀತಿಯಲ್ಲೇ ಏನು ಬೈದರು ಅಂತ ತಿಳಿಯಿತು.

ಗದಗ ರಸ್ತೆಯಲ್ಲಿ ಇನ್ನೊಂದು ಕಾಟ. ಅಣ್ಣಿಗೇರಿ ಮುಟ್ಟುವಷ್ಟರಲ್ಲಿ 'ಮುಂದಿನ ರಾಡಾರ್ ಮುಚ್ಚಿದೆ' ಅಂತ ಮೆಸೇಜ್ ಬಂದು ಎಸಿಸಿ ಬಂದ್ ಆಗುತ್ತದೆ. ಬಂಪರ್ ಒರೆಸಿದರೂ ಮುಂದಿನ ವಾರ ಮತ್ತೆ ಅದೇ.

ಇವೆರಡೂ ಇಲ್ಲದ ದಿನ ಗ್ಯಾಪ್ ತೊಂದರೆ. ಮುಂದಿನ ಗಾಡಿಗೆ ಇದು ಬಿಡುವ ಜಾಗದಲ್ಲಿ ಒಂದು ಬೈಕು ತೂರುತ್ತದೆ. ನನ್ನದು ನಿಧಾನ ಆಗುತ್ತದೆ. ಆಮೇಲೆ ಟಂಟಂ ತೂರುತ್ತದೆ. ಮತ್ತೆ ನಿಧಾನ. ಹೀಗೇ ಆದರೆ ಹಾವೇರಿ ಬದಲು ವಾಪಸ್ ಹುಬ್ಬಳ್ಳಿ ಮುಟ್ಟುತ್ತೇನೆ. ಮೊನ್ನೆ ಗಬ್ಬೂರಿನಲ್ಲಿ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದೆ, ಅಲ್ಲಿತನಕ ನನ್ನ ಮುಂದಿದ್ದ ಲಾರಿ ನೇರ ಹೋಯಿತು. 45ರಲ್ಲಿದ್ದ ಗಾಡಿ ಅದೇ ತಿರುವಿನಲ್ಲಿ 90ಕ್ಕೆ ಓಡಲು ಶುರು ಮಾಡಿತು!

ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಚ್ಚಿ "ಎರರ್ ಏನೂ ಇಲ್ಲ, ಎಲ್ಲಾ ನಾರ್ಮಲ್ ಸರ್" ಅಂದರು. ಏನು ಮಾಡಲಿ?

ಮಿರ್ಚಿ ಭಜಿ (ಧಾರವಾಡ)

ಬಂದ್ ಮಾಡಿ ಓಡಿಸಿ. ನಮ್ಮಪ್ಪ ಅಂಬಾಸಿಡರ್‌ನಲ್ಲಿ ಇದೇನೂ ಇಲ್ಲದೆ ಪಂಢರಪುರಕ್ಕೆ ಹೋಗಿ ಬಂದಿದ್ದರು.

ಉಣಕಲ್ ದಂಡೆ (ಹುಬ್ಬಳ್ಳಿ)

ಭಜಿ ಅಣ್ಣ, ಅವರು ಕೇಳಿದ್ದು ಅದಲ್ಲ.

ಅಡತಿಯವರೇ, ನೀವು ಎಲ್ಲವನ್ನೂ ಒಂದೇ ರೋಗ ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಗ್ಯಾಪ್ ಮತ್ತು ಗಬ್ಬೂರಿನ ಓಟ ಇವೆರಡೂ ಕೆಟ್ಟಿದ್ದರಿಂದ ಆದದ್ದಲ್ಲ, ಅದು ಇರುವುದೇ ಹಾಗೆ. ರಾಡಾರ್ ಮುಚ್ಚಿದೆ ಅನ್ನುವುದಕ್ಕೆ ಏನೋ ಅಡ್ಡ ಇರಬೇಕು. ನೇರ ರಸ್ತೆಯಲ್ಲಿ ಪಕ್ಕದ ಲಾರಿಗೆ ಬ್ರೇಕ್ ಹಾಕಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ತಿರುವಿನಲ್ಲಿ ಆಗಿದ್ದರೆ ಬಿಡಿ ಅನ್ನುತ್ತಿದ್ದೆ. ತಿರುವಿನಲ್ಲಿ ಪಕ್ಕದ ಲೇನಿನ ಗಾಡಿ ಸ್ವಲ್ಪ ಹೊತ್ತು ನಮ್ಮ ಮೂಗಿನ ನೇರಕ್ಕೇ ಬರುತ್ತದೆ, ಎಂಥ ಗಾಡಿಯೂ ಒಮ್ಮೊಮ್ಮೆ ಮೋಸ ಹೋಗುತ್ತದೆ.

ಮೂರು ವಿಷಯ ಹೇಳಿ. ಮುಂದಿನ ಗಾಜು ಬದಲಿಸಿದ್ದೀರಾ? ಬಂಪರ್‌ಗೆ ಯಾವಾಗಲಾದರೂ ಪೆಟ್ಟು ಬಿದ್ದಿದೆಯಾ? ಗಾಡಿಯ ಮುಂಭಾಗದ ಒಂದು ಫೋಟೋ ಹಾಕಿ, ಒರೆಸದೇ ಹಾಕಿ.

ಅಡತಿ ಅಂಗಡಿ

ಗಾಜು ಅದೇ ಇದೆ. ಪೆಟ್ಟು ಅಂದರೆ, ಆರು ತಿಂಗಳ ಹಿಂದೆ ಅಮರಗೋಳ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಟಂಟಂ ರಿವರ್ಸ್ ಬಂದು ತಾಗಿತ್ತು. ದೊಡ್ಡದೇನಲ್ಲ. ಬಂಪರ್ ಒಳಗೆ ಹೋಗಿತ್ತು, ಪರಿಚಯದ ಡೆಂಟಿಂಗ್ ಹುಡುಗ ಎಳೆದು ಕೂರಿಸಿ ಪೇಂಟ್ ಮಾಡಿಕೊಟ್ಟ. ಫೋಟೋ ಹಾಕಿದ್ದೇನೆ.

ಉಣಕಲ್ ದಂಡೆ

ಕೆಳಗಿನ ಗ್ರಿಲ್‌ನಲ್ಲಿ ಕಟ್ಟಿರುವುದು ಕುದುರೆ ಲಾಳ ಅಲ್ವಾ?

ಅಡತಿ ಅಂಗಡಿ

ಹೌದು. ಪೂಜೆ ದಿನ ಅವ್ವ ಕಟ್ಟಿಸಿದ್ದು. ಜೊತೆಗೆ ಲಿಂಬೆಹಣ್ಣು, ಮೆಣಸಿನಕಾಯಿ. ಅಮಾವಾಸ್ಯೆಗೊಮ್ಮೆ ಹೊಸದು ಕಟ್ಟುತ್ತೇವೆ.

ಉಣಕಲ್ ದಂಡೆ

ಫೋಟೋ ದೊಡ್ಡದು ಮಾಡಿ ನೋಡಿ. ಲಾಳದ ಹಿಂದೆ ನುಣುಪಾದ ಕಪ್ಪು ಚೌಕ ಇದೆಯಲ್ಲ, ಅಂಗೈಯಷ್ಟು? ಗ್ರಿಲ್‌ನ ಬೇರೆ ಕಡೆ ಜಾಲರಿ ಇದೆ, ಅಲ್ಲಿ ಮಾತ್ರ ಇಲ್ಲ. ಅದೇ ನಿಮ್ಮ ರಾಡಾರ್‌ನ ಮುಚ್ಚಳ. ಪ್ಲಾಸ್ಟಿಕ್ ಆದರೆ ರಾಡಾರ್‌ನ ಅಲೆ ದಾಟಿ ಹೋಗುತ್ತದೆ. ಕಬ್ಬಿಣ ದಾಟುವುದಿಲ್ಲ. ಲಾಳವನ್ನು ತಂತಿಯಿಂದ ಕಟ್ಟಿದ್ದಾರೆ, ತಂತಿ ಸಡಿಲ ಆಗಿದೆ. ಗದಗ ರಸ್ತೆಯ ಕುಲುಕಾಟಕ್ಕೆ ಅದು ತೂಗಾಡಿ ಮುಚ್ಚಳದ ಮೇಲೆ ಬರುತ್ತದೆ, ಆಗ ಮೆಸೇಜ್. ನೀವು ಇಳಿದು ಒರೆಸುವಾಗ ಕೈ ತಾಗಿ ಪಕ್ಕಕ್ಕೆ ಸರಿಯುತ್ತದೆ, ಮೆಸೇಜ್ ಹೋಗುತ್ತದೆ. ಒರೆಸಿದ್ದಕ್ಕೇ ಸರಿಹೋಯಿತು ಅಂತ ನಿಮಗೆ ಅನಿಸುತ್ತದೆ.

ನವಲಗುಂದ ಹವಾ

ಲಾಳದಲ್ಲಿ ಮ್ಯಾಗ್ನೆಟ್ ಇರುತ್ತದೆ, ಅದಕ್ಕೇ ಸಿಗ್ನಲ್ ಕೆಡುತ್ತದೆ.

ಉಣಕಲ್ ದಂಡೆ

ಮ್ಯಾಗ್ನೆಟ್‌ಗೂ ಇದಕ್ಕೂ ಸಂಬಂಧ ಇಲ್ಲ ಸರ್. ಈ ರಾಡಾರ್‌ಗಳು ಸಾಮಾನ್ಯವಾಗಿ 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಅಲೆಯ ಉದ್ದ ನಾಲ್ಕು ಮಿಲಿಮೀಟರ್‌ಗೂ ಕಡಿಮೆ. ಅಷ್ಟು ಸಣ್ಣ ಅಲೆಗೆ ಲಾಳ ಅಂದರೆ ಗೋಡೆ. ತಗಡಿನ ಸ್ಟಿಕ್ಕರ್, ಕ್ರೋಮ್ ಪಟ್ಟಿ, ಮುಂದಿನ ಗಾರ್ಡ್, ದಪ್ಪ ಪೇಂಟ್ ಎಲ್ಲವೂ ಕಾಟ ಕೊಡುತ್ತವೆ. ನೀರೂ ಅಲೆಯನ್ನು ನುಂಗುತ್ತದೆ. ಹಾಗಾಗಿ ಒಣ ಧೂಳಿಗಿಂತ ಹಸಿ ಮಣ್ಣು ಕೆಟ್ಟದ್ದು. ನಿಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಹೇಗೆ ಮೆತ್ತುತ್ತದೆ ಅಂತ ನಾನು ಹೇಳಬೇಕಾ?

ಅಡತಿಯವರೇ, ಲಾಳ ಬಿಚ್ಚಿ ಒಂದು ವಾರ ನೋಡಿ.

ಅಡತಿ ಅಂಗಡಿ

ಬಿಚ್ಚುವುದು ಸುಲಭ. ಅವ್ವನಿಗೆ ಹೇಳುವುದು ಯಾರು?

ಬಂಕಾಪುರ ನವಿಲು

ಒಳಗೆ ಕಟ್ಟಿ ಅಣ್ಣ, ಆದರೆ ಕನ್ನಡಿಗೆ ಮಾತ್ರ ನೇತುಹಾಕಬೇಡಿ. ಅಲ್ಲಿ ಕ್ಯಾಮೆರಾ ಇದೆ. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಗಾಜಿನ ಮೇಲೆ ಕ್ಯಾಮೆರಾ ಎದುರಿಗೇ ವಿಭೂತಿ ಹಚ್ಚಿ, ಎರಡು ದಿನ ಲೇನ್ ಅಸಿಸ್ಟ್ (ಗಾಡಿ ಲೇನ್ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು) ಕೆಲಸ ಮಾಡಲಿಲ್ಲ.

ಅಡತಿ ಅಂಗಡಿ (ಒಂಬತ್ತು ದಿನದ ನಂತರ)

ಲಾಳ ಬಿಚ್ಚಿದೆ. ಗದಗಕ್ಕೆ ಎರಡು ಸಲ ಹೋಗಿ ಬಂದೆ, ರಾಡಾರ್ ಮೆಸೇಜ್ ಬರಲಿಲ್ಲ. ಒಂದು ಸಲ ಸಂಜೆ ವಾಪಸ್ ಬರುವಾಗ ಮಾತ್ರ ಎಸಿಸಿ ಬಂದ್ ಆಯಿತು, ಆದರೆ ಅದು 'ಕ್ಯಾಮೆರಾಗೆ ಕಾಣಿಸುತ್ತಿಲ್ಲ' ಅಂತ. ನೇರ ರಸ್ತೆಯಲ್ಲಿ ಸುಮ್ನೆ ಬ್ರೇಕ್ ಹಾಕುವುದು ಹಾಗೇ ಇದೆ.

ಉಣಕಲ್ ದಂಡೆ

ಸಂಜೆ ಗದಗಿನಿಂದ ಹುಬ್ಬಳ್ಳಿ ಅಂದರೆ ಪಡುವಣಕ್ಕೆ ಮುಖ. ಮುಳುಗುವ ಸೂರ್ಯ ನಿಮ್ಮ ಕಣ್ಣಿಗೆ ಹೊಡೆದ ಹಾಗೆ ಕ್ಯಾಮೆರಾಗೂ ಹೊಡೆಯುತ್ತದೆ. ಗಾಜನ್ನು ಒಳಗಿನಿಂದಲೂ ಒರೆಸಿ, ಅಲ್ಲಿ ಎಣ್ಣೆಯಂಥ ಪೊರೆ ಕೂತಿರುತ್ತದೆ. ಅದಕ್ಕಿಂತ ಜಾಸ್ತಿ ಏನೂ ಮಾಡಲಾಗದು.

ಇನ್ನು ಬ್ರೇಕ್ ವಿಷಯ. ಡೆಂಟಿಂಗ್ ಹುಡುಗ ಬಂಪರ್ ಕೂರಿಸಿದ, ಒಳಗೆ ರಾಡಾರ್ ಹಿಡಿದು ನಿಲ್ಲಿಸುವ ಬ್ರಾಕೆಟ್ ನೋಡಿರಲಿಕ್ಕಿಲ್ಲ. ಲೆಕ್ಕ ಹಾಕಿ. ರಾಡಾರ್ ಬರೀ ಒಂದು ಡಿಗ್ರಿ ಎಡಕ್ಕೆ ತಿರುಗಿದ್ದರೆ, 100 ಮೀಟರ್ ಮುಂದೆ ಅದರ ನೋಟ ಸುಮಾರು 1.75 ಮೀಟರ್ ಪಕ್ಕಕ್ಕೆ ಹೋಗುತ್ತದೆ. ನಮ್ಮ ಹೆದ್ದಾರಿಯ ಲೇನ್ ಅಗಲ 3.5 ಮೀಟರ್. ಅಂದರೆ ಸರಿಯಾಗಿ ಅರ್ಧ ಲೇನ್. ಪಕ್ಕದ ಲಾರಿಯನ್ನು ಅದು ನಿಮ್ಮ ಮುಂದಿನ ಲಾರಿ ಅಂತ ಎಣಿಸಿದರೆ ಆಶ್ಚರ್ಯ ಇಲ್ಲ.

ಒಂದು ಪರೀಕ್ಷೆ ಮಾಡಿ. ಎಸಿಸಿ ಹಾಕಿದಾಗ, ಮುಂದೆ ಗಾಡಿ ಕಂಡರೆ ಮೀಟರ್‌ನಲ್ಲಿ ಒಂದು ಕಾರಿನ ಚಿತ್ರ ಮೂಡುತ್ತದೆ. ನಿಮ್ಮ ಕೆಲಸ ರಸ್ತೆ ನೋಡುವುದು, ಚಿತ್ರ ನೋಡಲು ಪಕ್ಕದಲ್ಲಿ ಯಾರನ್ನಾದರೂ ಕೂರಿಸಿ. ಭಾನುವಾರ ಬೆಳಿಗ್ಗೆ, ನೇರ ರಸ್ತೆ, ಹಿಂದೆ ಯಾರೂ ಇಲ್ಲದಾಗ ಎಡಗಡೆ ಲಾರಿಗಳನ್ನು ದಾಟುತ್ತಾ ಹೋಗಿ. ಕಾಲು ಎಕ್ಸಿಲರೇಟರ್ ಮೇಲೇ ಇರಲಿ, ಬ್ರೇಕ್ ಹಾಕಲು ಹೊರಟರೆ ಒತ್ತಬಹುದು. ನಿಮ್ಮ ಲೇನ್ ಖಾಲಿ ಇದ್ದೂ ಚಿತ್ರ ಮೂಡಿದರೆ ಬರೆದುಕೊಳ್ಳಿ. ಆಮೇಲೆ ನೀವು ಎಡಗಡೆ ಲೇನಿಗೆ ಬಂದು, ಬಲಗಡೆ ದಾಟುವ ಗಾಡಿಗಳಿಗೂ ಹಾಗೇ ಆಗುತ್ತದಾ ನೋಡಿ. ಒಂದೇ ಕಡೆಗೆ ಆದರೆ ರಾಡಾರ್ ಸೊಟ್ಟ ಕೂತಿದೆ ಅಂತ ಅನುಮಾನ ಗಟ್ಟಿ.

ನಿವೃತ್ತ ಮೇಷ್ಟ್ರು (ಗದಗ)

ಸ್ವಲ್ಪ ವಿಷಯಾಂತರ, ಬೇಸರ ಬೇಡ. ಕ್ರೂಸ್ ಕಂಟ್ರೋಲ್ ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್ ಅವರಿಗೆ ಚಿಕ್ಕಂದಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲ ಮಾತಾಡುತ್ತಾ ಗಾಡಿ ಓಡಿಸುವಾಗ ಒಮ್ಮೆ ಜೋರು, ಒಮ್ಮೆ ನಿಧಾನ ಮಾಡುತ್ತಿದ್ದನಂತೆ. ಆ ಕುಲುಕಾಟ ತಾಳದೆ ಇದನ್ನು ಮಾಡಿದರು ಅಂತ ಹೇಳುತ್ತಾರೆ. 1958ರಲ್ಲಿ ಕ್ರೈಸ್ಲರ್ ಗಾಡಿಗಳಲ್ಲಿ ಬಂತು. ರಾಡಾರ್ ಇರುವುದನ್ನು ಮರ್ಸಿಡಿಸ್ 1999ರಲ್ಲಿ ತನ್ನ ಎಸ್-ಕ್ಲಾಸ್‌ಗೆ ಹಾಕಿತು. ಆಟೋಬಾನ್ ಇರುವ ದೇಶದ ಗಾಡಿ ಅದು. ಕಬ್ಬಿನ ಟ್ರ್ಯಾಕ್ಟರ್ ಎದುರಿಗಿಟ್ಟುಕೊಂಡು ಯಾರೂ ಅದನ್ನು ಮಾಡಲಿಲ್ಲ.

ಬಂಕಾಪುರ ನವಿಲು

ಮೇಷ್ಟ್ರೇ, ಕಬ್ಬಿನ ಟ್ರ್ಯಾಕ್ಟರ್ ವಿಷಯ ನಿಜಕ್ಕೂ ದೊಡ್ಡದು. ಟ್ರೇಲರ್‌ನಿಂದ ಹಿಂದಕ್ಕೆ ಚಾಚಿದ ಕಬ್ಬು ರಾಡಾರ್‌ಗೆ ಸರಿಯಾಗಿ ಸಿಗುವುದಿಲ್ಲ, ಅದು ಅಳೆಯುವುದು ಹೆಚ್ಚಾಗಿ ಕೆಳಗಿನ ಕಬ್ಬಿಣವನ್ನು. ನಮಗೆ ಮೊದಲು ಸಿಗುವುದು ಕಬ್ಬು. ರಾತ್ರಿ ಹಿಂದಿನ ಲೈಟೂ ಇರುವುದಿಲ್ಲ, ಕ್ಯಾಮೆರಾಗೂ ಕಷ್ಟ.

ಟೋಲ್‌ನಲ್ಲೂ ಹುಷಾರು. ಬಂಕಾಪುರ ಟೋಲ್‌ನಲ್ಲಿ ಎಸಿಸಿ ಹಾಕಿಯೇ ಸಾಲಿನಲ್ಲಿದ್ದೆ. ಮುಂದಿನ ಕಾರು ದಾಟಿತು. ಗೇಟಿನ ಕೋಲು ಇಳಿಯತೊಡಗಿತು. ನನ್ನ ಗಾಡಿ ಕಂಡದ್ದು ದಾಟಿ ಹೋಗುತ್ತಿರುವ ಕಾರು ಮಾತ್ರ, ಕೋಲು ಅದರ ಲೆಕ್ಕದಲ್ಲೇ ಇಲ್ಲ. ಕಾರಿನ ಹಿಂದೆ ಹೊರಟಿತು. ಕೋಲಿಗೂ ಬಾನೆಟ್‌ಗೂ ಒಂದು ಗೇಣು ಇದ್ದಾಗ ಬ್ರೇಕ್ ತುಳಿದೆ. ಅವತ್ತಿನಿಂದ ಟೋಲ್ ಬೋರ್ಡ್ ಕಂಡ ಕೂಡಲೇ ಬಂದ್ ಮಾಡುತ್ತೇನೆ.

ಮಿರ್ಚಿ ಭಜಿ

ನಾನು ಮೊದಲೇ ಹೇಳಿದ್ದೆ, ಬಂದ್ ಮಾಡಿ ಅಂತ.

ಅಡತಿ ಅಂಗಡಿ (ಮರು ಭಾನುವಾರ)

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಗ್ಗಾವಿ ತನಕ ಹೋಗಿ ಬಂದೆ. ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಎಳೆದಿದ್ದಾಳೆ. ಎಡಗಡೆ ಹನ್ನೊಂದು ಲಾರಿ ದಾಟಿದೆ, ಏಳಕ್ಕೆ ಚಿತ್ರ ಮೂಡಿತು. ಬಲಗಡೆ ನಮ್ಮನ್ನು ದಾಟಿದ ಗಾಡಿ ಒಂಬತ್ತು, ಒಂದಕ್ಕೂ ಮೂಡಲಿಲ್ಲ. ಇದೇ ನೋಟ್‌ಬುಕ್ ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿದೆ. ಈ ಸಲ "ನಾರ್ಮಲ್" ಅನ್ನಲಿಲ್ಲ. ಬಂಪರ್ ಬಿಚ್ಚಿದರು. ಬ್ರಾಕೆಟ್‌ನ ಒಂದು ಕಿವಿ ಬಾಗಿತ್ತು. ಅದನ್ನು ಬದಲಿಸಿ, ಗಾಡಿ ಮುಂದೆ ಬೋರ್ಡ್ ನಿಲ್ಲಿಸಿ ಕ್ಯಾಲಿಬ್ರೇಶನ್ ಮಾಡಿದರು, ಅಂದರೆ ರಾಡಾರ್‌ನ ನೋಟ ನೇರ ಮಾಡಿದರು. ಅರ್ಧ ದಿನ ಹಿಡಿಯಿತು.

ಉಣಕಲ್ ದಂಡೆ

ಮಗಳಿಗೆ ಶಹಬ್ಬಾಸ್ ಹೇಳಿ. ಸ್ಕ್ಯಾನರ್‌ಗೆ ಎರರ್ ಸಿಗಲಿಲ್ಲ, ಯಾಕೆಂದರೆ ರಾಡಾರ್ ಕೆಟ್ಟಿರಲಿಲ್ಲ. ಸರಿಯಾಗೇ ನೋಡುತ್ತಿತ್ತು, ಬೇರೆ ಕಡೆ ನೋಡುತ್ತಿತ್ತು.

ಉಳಿದ ಎರಡರ ಬಗ್ಗೆ. ಗ್ಯಾಪ್ ಅನ್ನು ಗಾಡಿ ಮೀಟರ್‌ನಲ್ಲಿ ಅಲ್ಲ, ಸೆಕೆಂಡ್‌ನಲ್ಲಿ ಅಳೆಯುತ್ತದೆ. 80ರಲ್ಲಿ ಓಡುವಾಗ ಸೆಕೆಂಡ್‌ಗೆ 22 ಮೀಟರ್ ಹೋಗುತ್ತೀರಿ. ಎರಡು ಸೆಕೆಂಡ್ ಗ್ಯಾಪ್ ಅಂದರೆ 44 ಮೀಟರ್, ಸಾಲಾಗಿ ಮೂರು ಬಸ್ಸು ನಿಲ್ಲಿಸಬಹುದು. ನಮ್ಮ ಕಡೆ ಅಷ್ಟು ಜಾಗ ಕಂಡರೆ ಯಾರು ಬಿಡುತ್ತಾರೆ? ಬಟನ್‌ನಿಂದ ಒಂದು ಹಂತ ಕಡಿಮೆ ಮಾಡಬಹುದು, ಆದರೆ ತೀರಾ ಕಡಿಮೆಗೆ ಇಳಿಸುವುದು ನನಗೆ ಇಷ್ಟ ಇಲ್ಲ. ತೂರುವವರು ತೂರಲಿ.

ಗಬ್ಬೂರಿನಲ್ಲಿ ಆದದ್ದು ಸೆಟ್ ಮಾಡಿದ 90 ಅದಕ್ಕೆ ನೆನಪಿದ್ದ ಕಾರಣ. ಮುಂದಿನ ಲಾರಿ ಹೋಯಿತು, ದಾರಿ ಖಾಲಿ, ಓಡು ಅಂದುಕೊಂಡಿತು. ಹೆದ್ದಾರಿ ಬಿಡುವ ಮೊದಲೇ ಕ್ಯಾನ್ಸಲ್ ಒತ್ತಿ. ಬೈಪಾಸ್‌ನಲ್ಲಿ ಕೆಲಸ ನಡೆದು ಡೈವರ್ಷನ್ ಇರುವ ಕಡೆ ಹಾಕಲೇಬೇಡಿ.

ಇದನ್ನು ದಯವಿಟ್ಟು ಎಲ್ಲರೂ ಓದಿ: ಡಾಬಾ ಎದುರು ರಸ್ತೆ ಮೇಲೇ ನಿಂತ ಲಾರಿಗೆ ಇದು ನಿಲ್ಲುತ್ತದೆ ಅಂತ ನಂಬಬೇಡಿ. ರಾಡಾರ್‌ಗೆ ಬೋರ್ಡು, ಸೇತುವೆ, ಪಕ್ಕದ ತಡೆಗೋಡೆ ಎಲ್ಲವೂ ಕಾಣುತ್ತವೆ. ಎಲ್ಲಕ್ಕೂ ಬ್ರೇಕ್ ಹಾಕಿದರೆ ಗಾಡಿ ಮುಂದೆ ಹೋಗುವುದೇ ಇಲ್ಲ. ಅದಕ್ಕೇ ಎಷ್ಟೋ ಗಾಡಿಗಳು ವೇಗದಲ್ಲಿರುವಾಗ, ಮೊದಲಿಂದ ನಿಂತೇ ಇರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ಯಾಮೆರಾ ಜೊತೆ ಇರುವ ಹೊಸ ಗಾಡಿಗಳು ಸ್ವಲ್ಪ ಮೇಲು. ಆದರೂ ನಿಮ್ಮ ಮ್ಯಾನುಯಲ್ ತೆಗೆದು ನೋಡಿ, ನಿಂತ ಗಾಡಿಯ ಬಗ್ಗೆ ಎಚ್ಚರಿಕೆ ಬರೆದೇ ಇರುತ್ತದೆ.

ಅಡತಿ ಅಂಗಡಿ

ನಿನ್ನೆ ಬ್ಯಾಡಗಿಗೆ ಹೋಗಿ ಬಂದೆ. ಎಡಗಡೆ ಮೆಣಸಿನಕಾಯಿ ಚೀಲದ ಲಾರಿಗಳ ಸಾಲು, ಒಂದಕ್ಕೂ ಬ್ರೇಕ್ ಬೀಳಲಿಲ್ಲ. ಮೋಟೆಬೆನ್ನೂರು ಹತ್ತಿರ ಒಂದು ತಿರುವಿನಲ್ಲಿ ಸ್ವಲ್ಪ ಅನುಮಾನಿಸಿತು, ಅಷ್ಟೇ. ಗದಗ ರಸ್ತೆಯಲ್ಲಿ ಇನ್ನು ಹಾಕುವುದಿಲ್ಲ ಅಂತ ತೀರ್ಮಾನಿಸಿದ್ದೇನೆ, ಅಲ್ಲಿ ಟ್ರ್ಯಾಕ್ಟರ್ ಜಾಸ್ತಿ. ದಂಡೆ ಅಣ್ಣ, ನಿಮಗೆ ಒಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ ಬಾಕಿ.

ಬಂಕಾಪುರ ನವಿಲು

ಲಾಳ ಏನು ಮಾಡಿದಿರಿ?

ಅಡತಿ ಅಂಗಡಿ

ಡಿಕ್ಕಿಯಲ್ಲಿ, ಸ್ಟೆಪ್ನಿ ಪಕ್ಕ ಕಟ್ಟಿದ್ದೇನೆ. "ಹಿಂದ್ಯಾಕೋ?" ಅಂತ ಅವ್ವ ಕೇಳಿದಳು. ಮುಂದಿನದನ್ನು ಗಾಡಿ ನೋಡಿಕೊಳ್ಳುತ್ತದೆ, ಹಿಂದೆ ಬಸ್ಸಿನವರಿದ್ದಾರಲ್ಲ ಅಂದೆ. ಚುರಮುರಿ ನೆನಪಾಯಿತೋ ಏನೋ, ಒಪ್ಪಿಕೊಂಡಳು.