ಡಿಸ್ಕ್ ತುಂಬಿ ಉಬುಂಟು ಲಾಗಿನ್ ಆಗ್ತಿಲ್ಲ, ಟರ್ಮಿನಲ್‌ನಿಂದ ಸರಿಮಾಡೋದು ಹೇಗೆ?

ಪ್ರಶ್ನೆ:
ನಮಸ್ಕಾರ ಸರ್. ಎರಡು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಉಬುಂಟು ಬಳಸ್ತಿದ್ದೀನಿ. ನಿನ್ನೆ ಅಪ್‌ಡೇಟ್ ಹಾಕುವಾಗ ಡಿಸ್ಕಲ್ಲಿ ಜಾಗ ಇಲ್ಲ ಅಂತ ಅರ್ಧಕ್ಕೇ ನಿಂತುಹೋಯ್ತು. ರೀಸ್ಟಾರ್ಟ್ ಮಾಡಿದ ಮೇಲೆ ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪುಟಕ್ಕೇ ಬರ್ತಿದೆ. ಪಾಸ್‌ವರ್ಡ್ ಸರಿಯಾಗೇ ಇದೆ. ಗೆಳೆಯರೊಬ್ಬರು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ '/ವಾರ್' ಫೋಲ್ಡರ್ ಪೂರ್ತಿ ಅಳಿಸಿಬಿಡಿ, ಅಲ್ಲಿರೋದೆಲ್ಲ ಕಸ ಅಂದ್ರು. ಮಾಡಬಹುದಾ? ಟರ್ಮಿನಲ್ ನನಗೆ ಅಷ್ಟಾಗಿ ಗೊತ್ತಿಲ್ಲ.

ಉತ್ತರ:
ದಯವಿಟ್ಟು ಅದೊಂದನ್ನು ಮಾಡಬೇಡಿ. '/ವಾರ್' ಒಳಗೆ ಲಾಗ್‌ಗಳಿವೆ (ಸಿಸ್ಟಮ್ ತನ್ನ ಆಗುಹೋಗು ಬರೆದಿಡುವ ಫೈಲುಗಳು), ನಿಜ. ಆದರೆ ಯಾವ ಸಾಫ್ಟ್‌ವೇರ್ ಯಾವ ಆವೃತ್ತಿಯಲ್ಲಿ ಇನ್‌ಸ್ಟಾಲ್ ಆಗಿದೆ ಎಂಬ ಪೂರ್ತಿ ದಾಖಲೆಯೂ ಅಲ್ಲೇ, '/ವಾರ್/ಲಿಬ್/ಡಿಪಿಕೆಜಿ'ಯಲ್ಲಿದೆ. ಅದು ಹೋದರೆ ಸಿಸ್ಟಮ್‌ಗೆ ತನ್ನಲ್ಲೇನಿದೆ ಎಂಬುದೇ ಗೊತ್ತಾಗುವುದಿಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡದೆ ಬೇರೆ ದಾರಿ ಉಳಿಯುವುದು ಕಷ್ಟ.

ನಿಮ್ಮ ಪಾಸ್‌ವರ್ಡಿನದೇನೂ ತಪ್ಪಿಲ್ಲ. ಡೆಸ್ಕ್‌ಟಾಪ್ ತೆರೆಯುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ ಸಣ್ಣಪುಟ್ಟ ಫೈಲ್ ಬರೆಯಬೇಕಾಗುತ್ತದೆ. ಬರೆಯಲು ಜಾಗವಿಲ್ಲದೆ ಸೋತು ವಾಪಸ್ ಬರುತ್ತಿದೆ, ಅಷ್ಟೇ.

ಲಾಗಿನ್ ಪುಟದಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಹೆಸರು ಕೇಳುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯೂ ಕಾಣುವುದಿಲ್ಲ, ಗಾಬರಿಯಾಗಬೇಡಿ, ಪೂರ್ತಿ ಹೊಡೆದು ಎಂಟರ್ ಒತ್ತಿ. ಡೆಸ್ಕ್‌ಟಾಪ್ ಕೈಕೊಟ್ಟರೂ ಈ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಇನ್ನೊಂದು ಅದೃಷ್ಟವೆಂದರೆ, ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ಮಾಮೂಲಾಗಿ ಶೇ. 5ರಷ್ಟು ಜಾಗವನ್ನು ರೂಟ್ (ಪೂರ್ತಿ ಅಧಿಕಾರವಿರುವ ನಿರ್ವಾಹಕ ಖಾತೆ) ಬಳಕೆಗೆಂದೇ ಮೀಸಲಿಟ್ಟಿರುತ್ತದೆ. ನಿಮಗೆ ಡಿಸ್ಕ್ ತುಂಬಿದ್ದರೂ 'ಸುಡೊ' ಹಾಕಿದ, ಅಂದರೆ ರೂಟ್ ಅಧಿಕಾರದಲ್ಲಿ ಓಡುವ, ಕಮಾಂಡಿಗೆ ಸ್ವಲ್ಪ ಕೈಯಾಡಿಸಲು ಜಾಗ ಉಳಿದಿರುವುದು ಇದರಿಂದಲೇ.

ಕೆಳಗಿನ ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ, ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ. ಸದ್ಯಕ್ಕೆ ಏನನ್ನೂ ಅಳಿಸುವುದು ಬೇಡ. ಈ ಎರಡೂ ಬರೀ ನೋಡುವ ಕಮಾಂಡುಗಳು, ಏನನ್ನೂ ಮುಟ್ಟುವುದಿಲ್ಲ:

'ಡಿಎಫ್ -ಎಚ್'
'ಸುಡೊ ಡಿಯು -ಎಕ್ಸ್‌ಎಚ್ -ಡಿ1 / | ಸಾರ್ಟ್ -ಎಚ್'

ಮೊದಲನೆಯದು ಯಾವ ಪಾರ್ಟಿಷನ್ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಕೊನೆಯ ಕಾಲಮ್ಮಿನಲ್ಲಿ ಬರೀ '/' ಇರುವ ಸಾಲು ಹುಡುಕಿ. ಎರಡನೆಯದು ಪ್ರತಿ ಫೋಲ್ಡರಿನ ತೂಕ ಹಾಕಿ, ದೊಡ್ಡದನ್ನು ಕೆಳಗೆ ತೋರಿಸುತ್ತದೆ. 'ಎಕ್ಸ್' ಇರುವುದರಿಂದ ಬೇರೆ ಡಿಸ್ಕಿಗೆ ನುಗ್ಗುವುದಿಲ್ಲ. ದೊಡ್ಡದು ಸಿಕ್ಕ ಮೇಲೆ '/' ಜಾಗದಲ್ಲಿ ಆ ಫೋಲ್ಡರಿನ ಹೆಸರು ಹಾಕಿ ಮತ್ತೆ ಓಡಿಸಿ. ಹೀಗೆ ಎರಡು ಮೂರು ಸಲ ಒಳಗಿಳಿದರೆ ಕಳ್ಳ ಸಿಕ್ಕೇ ಸಿಗುತ್ತಾನೆ. ಸಿಕ್ಕಿದ್ದನ್ನು ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದವರು:
ಸರ್, '/' ಶೇ. 100 ತೋರಿಸ್ತಿದೆ. ಒಳಗೆ ಹೋಗ್ತಾ ಹೋಗ್ತಾ '/ವಾರ್/ಲಾಗ್' ಸಿಕ್ತು. ಅದರಲ್ಲಿ 'ಸಿಸ್‌ಲಾಗ್' ಅನ್ನೋ ಒಂದೇ ಫೈಲ್ 21 ಜಿಬಿ ಇದೆ! ಇದನ್ನ ಅಳಿಸಲಾ?

ಉತ್ತರ:
ಅಳಿಸುವ ಮುಂಚೆ ಅದನ್ನು ಒಮ್ಮೆ ಓದಿ. ಅಷ್ಟು ಬೆಳೆದಿದೆ ಎಂದರೆ ಯಾವುದೋ ಒಂದು ದೂರು ದಿನವಿಡೀ ಬರೆಸಿಕೊಳ್ಳುತ್ತಿದೆ. ಓದದೆ ಅಳಿಸಿದರೆ ಕೆಲವೇ ದಿನದಲ್ಲಿ ಮತ್ತೆ ಇಲ್ಲೇ ಬಂದು ನಿಲ್ಲುತ್ತೀರಿ.

'ಸುಡೊ ಟೇಲ್ -ಎನ್ 20 /ವಾರ್/ಲಾಗ್/ಸಿಸ್‌ಲಾಗ್'

ಕೊನೆಯ 20 ಸಾಲು ಬರುತ್ತದೆ. ಒಂದೇ ಮಾತು ಮತ್ತೆ ಮತ್ತೆ ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ. ಆಮೇಲೆ:

'ಸುಡೊ ಟ್ರಂಕೇಟ್ -ಎಸ್ 0 /ವಾರ್/ಲಾಗ್/ಸಿಸ್‌ಲಾಗ್'
'ಸುಡೊ ಆಪ್ಟ್ ಕ್ಲೀನ್'
'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ'
'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್'

'ಟ್ರಂಕೇಟ್' ಫೈಲನ್ನು ಉಳಿಸಿ ಒಳಗಿನದನ್ನು ಮಾತ್ರ ಬರಿದು ಮಾಡುತ್ತದೆ. 'ಆಪ್ಟ್ ಕ್ಲೀನ್' ಹಳೆಯ ಡೌನ್‌ಲೋಡ್ ಪ್ಯಾಕೇಜುಗಳನ್ನು ತೆಗೆಯುತ್ತದೆ, ಅದರಿಂದ ಹಾನಿಯಿಲ್ಲ. ಕೊನೆಯ ಎರಡು, ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಸಲು. ಜಾಗ ಬಿಟ್ಟ ಮೇಲೇ ಅವನ್ನು ಓಡಿಸಿ, ಕ್ರಮ ತಪ್ಪಿಸಬೇಡಿ.

ಇನ್ನೊಬ್ಬ ಸದಸ್ಯರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ ಸರ್. ನಾನು ಹೋದ ತಿಂಗಳು ಇಂಥದೇ ದೊಡ್ಡ ಲಾಗ್ ಫೈಲನ್ನ 'ಆರ್‌ಎಂ' ಹಾಕಿ ತೆಗೆದೆ. ಫೈಲ್ ಹೋಯ್ತು, ಆದರೆ 'ಡಿಎಫ್' ಮಾತ್ರ ತುಂಬಿದೆ ಅಂತಾನೇ ತೋರಿಸ್ತಿತ್ತು. ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಸರಿಹೋಯ್ತು. ಯಾಕೆ?

ಉತ್ತರ:
ಒಳ್ಳೆಯ ಪ್ರಶ್ನೆ. ಮೇಲೆ 'ಟ್ರಂಕೇಟ್' ಹೇಳಿದ್ದು ಇದೇ ಕಾರಣಕ್ಕೆ. ಲಿನಕ್ಸಿನಲ್ಲಿ 'ಆರ್‌ಎಂ' ತೆಗೆಯುವುದು ಫೈಲಿನ ಹೆಸರನ್ನು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಕೈಬಿಡುವ ತನಕ ಡಿಸ್ಕಿನ ಜಾಗ ಬಿಡುಗಡೆಯಾಗುವುದಿಲ್ಲ. ಹೆಸರಿಲ್ಲದ ಕಾರಣ 'ಡಿಯು' ಕಣ್ಣಿಗೂ ಬೀಳುವುದಿಲ್ಲ. 'ಸುಡೊ ಎಲ್‌ಎಸ್‌ಒಎಫ್ +ಎಲ್1' ಹಾಕಿದರೆ ಹಾಗೆ ಹಿಡಿದುಕೊಂಡವರ ಪಟ್ಟಿ ಬರುತ್ತದೆ (ಪ್ಲಸ್ಸಿನ ನಂತರದ ಎಲ್ ದೊಡ್ಡಕ್ಷರ). ಆ ಒಂದು ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಸಾಕು, ಇಡೀ ಮೆಷಿನ್ ಬೇಕಿಲ್ಲ.

ಪ್ರಶ್ನೆ ಕೇಳಿದವರು:
ಲಾಗಿನ್ ಆಯ್ತು ಸರ್! ಅಪ್‌ಡೇಟೂ ಮುಗೀತು. ಲಾಗ್ ತುಂಬ ಒಂದೇ ಸಾಲು: 'ಪಿಸಿಐಇ ಬಸ್ ಎರರ್: ಸಿವಿಯಾರಿಟಿ=ಕರೆಕ್ಟೆಡ್'. ಹಾರ್ಡ್‌ವೇರ್ ಹಾಳಾಗಿದೆಯಾ?

ಉತ್ತರ:
ಭಯ ಬೇಡ. 'ಕರೆಕ್ಟೆಡ್' ಅಂದರೆ ಸಣ್ಣ ದೋಷ ಬಂತು, ಹಾರ್ಡ್‌ವೇರೇ ಅದನ್ನು ತಿದ್ದಿಕೊಂಡಿತು ಎಂದರ್ಥ. ವೈಫೈ ಕಾರ್ಡಿನಂಥ ಸಾಧನ ವಿದ್ಯುತ್ ಉಳಿಸಲೆಂದು ನಿದ್ದೆಗೆ ಹೋಗಿ ಏಳುವಾಗ ಹೀಗಾಗುವುದು ಹೆಚ್ಚು. ತೊಂದರೆ ದೋಷಕ್ಕಿಂತ ಅದರ ವರದಿಯದ್ದು, ಸೆಕೆಂಡಿಗೆ ಹಲವು ಸಲ ಬರೆಯುತ್ತಿದೆ.

ಇದಕ್ಕೆ ಎರಡು ಕರ್ನಲ್ (ಸಿಸ್ಟಮ್ಮಿನ ತಿರುಳು) ಆಯ್ಕೆಗಳಿವೆ. 'ಪಿಸಿಐ=ನೋಎಇಆರ್' ವರದಿಯನ್ನು ಮಾತ್ರ ನಿಲ್ಲಿಸುತ್ತದೆ, ಮುಂದೆ ನಿಜವಾದ ದೋಷ ಬಂದರೂ ಬಾಯಿ ಬಿಡುವುದಿಲ್ಲ. ಹಾಗಾಗಿ ನನಗೆ ಅದು ಇಷ್ಟವಿಲ್ಲ. 'ಪಿಸಿಐಇ_ಎಎಸ್‌ಪಿಎಂ=ಆಫ್' ಆ ನಿದ್ದೆಯನ್ನೇ ತಪ್ಪಿಸುತ್ತದೆ, ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ. ನಾನಾದರೆ ಇದನ್ನು ಮೊದಲು ನೋಡುತ್ತೇನೆ.

ಶಾಶ್ವತವಾಗಿ ಬರೆಯುವ ಮುಂಚೆ ಒಂದು ಬೂಟಿಗೆ ಮಾತ್ರ ಪರೀಕ್ಷಿಸಿ. ಆನ್ ಆಗುವಾಗ ಎಸ್ಕೇಪ್ ಕೀ (ಹಳೆಯ ಬಯಾಸ್ ಇದ್ದರೆ ಶಿಫ್ಟ್) ಒತ್ತಿದರೆ ಗ್ರಬ್ ಮೆನು (ಬೂಟ್ ಆಯ್ಕೆಗಳ ಪಟ್ಟಿ) ಬರುತ್ತದೆ. 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಇದನ್ನು ಸೇರಿಸಿ ಎಫ್10 ಒತ್ತಿ. ತಪ್ಪಾದರೂ ಮುಂದಿನ ಸಲ ಮೊದಲಿನಂತೆಯೇ ಬೂಟ್ ಆಗುತ್ತದೆ. ಬಂದ ಮೇಲೆ 'ಸುಡೊ ಜರ್ನಲ್‌ಸಿಟಿಎಲ್ -ಎಫ್' ಹಾಕಿ ಐದು ನಿಮಿಷ ನೋಡಿ. ಆ ಸಾಲು ಬರದಿದ್ದರೆ '/ಇಟಿಸಿ/ಡಿಫಾಲ್ಟ್/ಗ್ರಬ್' ಫೈಲಿನಲ್ಲಿ, 'ಕ್ವೈಟ್ ಸ್ಪ್ಲ್ಯಾಶ್' ಇರುವ ಉದ್ಧರಣ ಚಿಹ್ನೆಯ ಒಳಗೇ ಸೇರಿಸಿ, 'ಸುಡೊ ಅಪ್‌ಡೇಟ್-ಗ್ರಬ್' ಓಡಿಸಿ.

ಮತ್ತೊಬ್ಬ ಸದಸ್ಯರು:
ಸರ್, ನನಗೆ ಆಪ್ಟ್ ಹಾಕಿದಾಗೆಲ್ಲ 'ಲಾಕ್‌ಗಾಗಿ ಕಾಯುತ್ತಿದೆ' ಅಂತ ಬರುತ್ತೆ. ಲಾಕ್ ಫೈಲ್ ಅಳಿಸಿದರೆ ಆಗುತ್ತಾ?

ಉತ್ತರ:
ಬೇಡ. ಹಿನ್ನೆಲೆಯಲ್ಲಿ ತಾನಾಗಿ ಸೆಕ್ಯುರಿಟಿ ಅಪ್‌ಡೇಟ್ ನಡೆಯುತ್ತಿರುತ್ತದೆ. ಮೆಸೇಜಿನಲ್ಲೇ ಪ್ರೋಸೆಸ್ ನಂಬರ್ ಇರುತ್ತದೆ, 'ಪಿಎಸ್ -ಪಿ' ಮುಂದೆ ಆ ನಂಬರ್ ಹಾಕಿ ಯಾರೆಂದು ನೋಡಿ, ಕಾಯಿರಿ.

ಪ್ರಶ್ನೆ ಕೇಳಿದವರು:
ಎರಡನೇ ಆಯ್ಕೆಯೇ ಕೆಲಸ ಮಾಡ್ತು ಸರ್, ಲಾಗ್ ಶಾಂತವಾಗಿದೆ. ನನ್ನಂಥವರು ದಿನಾ ರೂಢಿ ಮಾಡಿಕೊಳ್ಳಬೇಕಾದ್ದು ಏನಾದರೂ ಇದ್ರೆ ಹೇಳಿ.

ಉತ್ತರ:
ಸಂತೋಷ. ಹಿಂದೆ ಹೊಡೆದ ಕಮಾಂಡ್ ಬೇಕಾದಾಗ ಕಂಟ್ರೋಲ್ ಆರ್ ಒತ್ತಿ ಅದರ ಒಂದು ತುಂಡು ಟೈಪ್ ಮಾಡಿ, ಅದೇ ಎದ್ದು ಬರುತ್ತದೆ. ಇನ್‌ಸ್ಟಾಲ್ ಅಥವಾ ರಿಮೂವ್ ಮಾಡುವ ಮುಂಚೆ 'ಆಪ್ಟ್ -ಎಸ್' ಎಂದು ಹಾಕಿದರೆ ಏನೇನು ಹೋಗುತ್ತದೆ, ಏನೇನು ಬರುತ್ತದೆ ಎಂದು ತೋರಿಸಿ ಸುಮ್ಮನಾಗುತ್ತದೆ. ನಿನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿದ್ದರೆ '/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್' ತೆರೆದು ನೋಡಿ, ಯಾವ ಹೊತ್ತಿಗೆ ಏನು ಬದಲಾಯಿತೆಂದು ಅಲ್ಲಿ ಬರೆದಿರುತ್ತದೆ.

ಇನ್ನೊಂದನ್ನು ನಾನು ನೋವುಂಡು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, 'ಟೆಂಪ್*' ಎಂದು ಹೊಡೆಯಬೇಕಾದಲ್ಲಿ 'ಟೆಂಪ್ *' ಎಂದು ಒಂದು ಸ್ಪೇಸ್ ಬಿಟ್ಟು 'ಆರ್‌ಎಂ -ಆರ್‌ಎಫ್' ಕೊಟ್ಟೆ. ಒಂಟಿ '*' ಅಂದರೆ ಅಲ್ಲಿರುವುದೆಲ್ಲ ಎಂದರ್ಥ. ಫೋಲ್ಡರಿನಲ್ಲಿದ್ದ ಮೂರು ವಾರದ ಕೆಲಸ ಎರಡು ಸೆಕೆಂಡಿನಲ್ಲಿ ಹೋಯಿತು. ಟರ್ಮಿನಲ್ಲಿನಲ್ಲಿ ಕಸದಬುಟ್ಟಿ ಇಲ್ಲ. ಅಂದಿನಿಂದ ಅಳಿಸುವ ಸಾಲನ್ನು ಮೊದಲು 'ಎಲ್‌ಎಸ್' ಹಾಕಿಯೇ ಬರೆಯುತ್ತೇನೆ. ತೋರಿಸಿದ ಪಟ್ಟಿ ಸರಿ ಅನಿಸಿದರೆ ಮೇಲಿನ ಬಾಣದ ಕೀ ಒತ್ತಿ, 'ಎಲ್‌ಎಸ್' ಜಾಗಕ್ಕೆ 'ಆರ್‌ಎಂ' ಹಾಕುತ್ತೇನೆ. ನೀವೂ ಹಾಗೇ ಮಾಡಿ. ಮತ್ತೆ, ಮುಂದೆ ಹೊಸ ಕರ್ನಲ್ ಬಂದಾಗ ಆ ಎಎಸ್‌ಪಿಎಂ ಆಯ್ಕೆ ತೆಗೆದು ಒಮ್ಮೆ ಬೂಟ್ ಮಾಡಿ ನೋಡಿ. ದೋಷ ಅಷ್ಟರಲ್ಲಿ ಸರಿಹೋಗಿದ್ದರೆ ಬ್ಯಾಟರಿ ಉಳಿಯುತ್ತದೆ.